ಅಕ್ಕನಿಗೆ ಸಂಪಿಗೆ, ಭಾವನಿಗೆ ಹುಳಿ: ಹಾಳಾದ ಸ್ಪಿರುಲಿನಾದ ಒಂದು ಪ್ರಕರಣ ಅಧ್ಯಯನ

ಫೆಬ್ರವರಿ ಕೊನೆಯ ವಾರ ಅಕ್ಕನ ಫೋನ್ ಬಂತು. "ತಮ್ಮ, ಅಟ್ಟದ ಮೇಲಿನ ಡಬ್ಬಿ ಮುಚ್ಚಳ ತೆಗೆದೆ. ಸಂಪಿಗೆ ಪರಿಮಳ ಬಂತು. ನಮ್ಮ ಮರದಲ್ಲಿ ಒಂದು ಮೊಗ್ಗೂ ಇಲ್ಲ ಈಗ. ಎಂತದಿದು?"

ಡಬ್ಬಿಯಲ್ಲಿ ಇದ್ದದ್ದು ಹೂವಲ್ಲ. ಖರೀದಿದಾರರು ವಾಪಸ್ ಕಳಿಸಿದ ಸ್ಪಿರುಲಿನಾ, ಅಂದರೆ ಒಣಗಿಸಿ ತಿನ್ನಲು ಮಾರುವ ಪಾಚಿ, ಸುಮಾರು ಎರಡು ಕಿಲೋ. ಬಿಸಾಡಲು ಮನಸ್ಸಿಲ್ಲದೆ ಭಾವ ಅಟ್ಟಕ್ಕೆ ಹಾಕಿದ್ದರು. ನಾನು ಶಿವಮೊಗ್ಗದಲ್ಲಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುವವನು. ನಮ್ಮ ಮನೆಯಲ್ಲಿ ಮಿಕ್ಸಿಯ ಜಾರ್ ವಾಸನೆ ಬಂದರೂ ನನಗೇ ಫೋನ್ ಬರುತ್ತದೆ. ಆದರೆ ಈ ಸಲದ ಪ್ರಶ್ನೆ ಸುಮ್ನೆ ಬಿಡುವಂಥದ್ದಾಗಿರಲಿಲ್ಲ. ಶನಿವಾರ ಮಧ್ಯಾಹ್ನ ಬಸ್ ಹತ್ತಿದೆ.

ಮುಂದಿನ ಎರಡು ತಿಂಗಳಲ್ಲಿ ಏನೇನಾಯಿತು ಅಂತ ಇಲ್ಲಿ ಬರೆದಿದ್ದೇನೆ. ಪಾಚಿಯ ಬಣ್ಣವನ್ನು ಬಿಸಿ ಮಾಡಿ ಪರಿಮಳ ತೆಗೆಯುವುದು ಹೇಗೆ ಅನ್ನುವುದು ಇದರ ಒಂದು ಭಾಗ. ಇನ್ನೊಂದು ಭಾಗ ಭಾವನ ಮೂಗಿನದು. ಮೊದಲು ಅದು ನನಗೂ ಗೊತ್ತಿರಲಿಲ್ಲ.

ಡಬ್ಬಿಗೆ ಬರುವ ಮೊದಲು

ಅಕ್ಕನ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಒಳಗೆ. ಅಡಿಕೆ ತೋಟ, ಸ್ವಲ್ಪ ಗದ್ದೆ, ಹಿತ್ತಲಿನಲ್ಲಿ ಪಾಲಿಹೌಸ್. ಅದರ ಒಳಗೆ ಮೊಣಕಾಲೂ ಮುಳುಗದಷ್ಟು ಆಳದ ನಾಲ್ಕು ತೊಟ್ಟಿ. ನೀರಿಗೆ ಅಡುಗೆ ಸೋಡಾ, ಉಪ್ಪು, ಒಂದಿಷ್ಟು ಗೊಬ್ಬರ. ಸ್ಪಿರುಲಿನಾ ಕ್ಷಾರದ ನೀರನ್ನು ಇಷ್ಟಪಡುತ್ತದೆ. ಪಿಎಚ್ 9ರಿಂದ 10ರ ಆಸುಪಾಸು ಇದ್ದರೆ ಬೇರೆ ಜೀವಿಗಳು ಬಾಲ ಮುದುರಿಕೊಳ್ಳುತ್ತವೆ, ಇದು ಮಾತ್ರ ಆರಾಮಾಗಿ ಬೆಳೆಯುತ್ತದೆ. ನಾವು ಪಾಚಿ ಅಂತ ಕರೆದರೂ ಶಾಸ್ತ್ರದ ಪ್ರಕಾರ ಇದು ಸಯನೋಬ್ಯಾಕ್ಟೀರಿಯಾ. ಭಾವ ಅದನ್ನು "ಹಸಿರು" ಅಂತಷ್ಟೇ ಕರೆಯುತ್ತಾರೆ. "ಹಸಿರು ತೆಗೆದಾಯ್ತು", "ಹಸಿರು ಒಣಗಿತು".

ಮಲೆನಾಡಿನಲ್ಲಿ ಈ ಕೆಲಸ ಮಾಡುವುದು ಸ್ವಲ್ಪ ಹುಚ್ಚೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಜೂನ್‌ನಿಂದ ತಿಂಗಳುಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ, ತೊಟ್ಟಿಗಳು ನಿದ್ದೆ ಹೊಡೆಯುತ್ತವೆ. ಡಿಸೆಂಬರ್‌ನಿಂದ ಮೇ ತನಕ ಮಾತ್ರ ದುಡಿಮೆ. ಬೆಳೆಸುವುದಕ್ಕಿಂತ ಒಣಗಿಸುವುದೇ ದೊಡ್ಡ ತಲೆನೋವು. ಬಟ್ಟೆಯಲ್ಲಿ ಸೋಸಿ ಹಿಂಡಿದ ಹಸಿರು ಮುದ್ದೆಯನ್ನು ಚಕ್ಕುಲಿ ಒರಳಿನಲ್ಲಿ ಒತ್ತಿ ಎಳೆ ಮಾಡಿ ತಟ್ಟೆಗೆ ಹರಡುತ್ತಾರೆ. ತಟ್ಟೆಗಳು ಕರೆಂಟಿನ ಡ್ರೈಯರ್‌ಗೆ ಹೋಗುತ್ತವೆ. ಬಿಸಿ 50 ಡಿಗ್ರಿ ದಾಟಬಾರದು ಅನ್ನುವುದು ಭಾವ ತಾವೇ ಹಾಕಿಕೊಂಡ ನಿಯಮ.

ಜನವರಿಯಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಎರಡು ದಿನ ಕರೆಂಟ್ ಇಲ್ಲ. ಹಿಂಡಿದ ಮುದ್ದೆಯನ್ನು ಹಾಗೇ ಇಟ್ಟರೆ ಒಂದೇ ರಾತ್ರಿಯಲ್ಲಿ ನಾತ ಶುರು. ಪಕ್ಕದಲ್ಲೇ ಅಡಿಕೆ ಒಣಗಿಸುವ ಸೌದೆಯ ಡ್ರೈಯರ್ ಉರಿಯುತ್ತಿತ್ತು. ಭಾವ ತಟ್ಟೆಗಳನ್ನು ಅದರೊಳಗೆ ತಳ್ಳಿದರು. ಅಡಿಕೆ ಒಣಗಿಸುವ ಒಲೆಗೆ ಡಿಗ್ರಿ ಲೆಕ್ಕ ಗೊತ್ತಿಲ್ಲ, ಸೌದೆ ಹಾಕಿದಷ್ಟೂ ಉರಿ. ರಾತ್ರಿ ಎದ್ದು ಎರಡು ಸಲ ಬಾಗಿಲು ತೆಗೆದು ಮೂಸಿ ನೋಡಿದರಂತೆ. "ಎಂತ ವಾಸನೆಯೂ ಇರಲಿಲ್ಲ ಮಾರಾಯ, ಸರಿ ಇದೆ ಅಂದುಕೊಂಡೆ" ಅಂದರು. ಈ ಮಾತನ್ನು ನಾನು ಆ ದಿನ ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಳಿಗ್ಗೆ ಎಳೆಗಳು ಗರಿಗರಿ ಒಣಗಿದ್ದವು. ಬಣ್ಣ ಮಾತ್ರ ಕೆಟ್ಟಿತ್ತು. ಒಳ್ಳೆಯ ಸ್ಪಿರುಲಿನಾ ಕಡು ನೀಲಿ ಹಸಿರು. ಇದು ಹಳೆಯ ಒಣಗಿದ ಬಸಳೆ ಎಲೆಯ ಬಣ್ಣ, ಹಸಿರಿಗೆ ಕಂದು ಬೆರೆತದ್ದು. ಬೆಂಗಳೂರಿನ ಖರೀದಿದಾರರು ಒಂದು ಸಾಲಿನ ಸಂದೇಶ ಹಾಕಿ ವಾಪಸ್ ಮಾಡಿದರು. ಅವರ ತಪ್ಪೇನಿಲ್ಲ.

ಬಣ್ಣ ಮುರಿದಾಗ

ಸ್ಪಿರುಲಿನಾದಲ್ಲಿ ಮೂರು ಬಗೆಯ ಬಣ್ಣ ಇದೆ. ನೀಲಿ ಬಣ್ಣದ ಫೈಕೋಸಯಾನಿನ್ ಒಂದು ಪ್ರೋಟೀನ್. ಮೊಟ್ಟೆಯ ಬಿಳಿ ಕಾವಿಗೆ ಗಟ್ಟಿಯಾಗುವ ಹಾಗೆ ಇದೂ 60 ಡಿಗ್ರಿ ದಾಟುತ್ತಿದ್ದ ಹಾಗೆ ಆಕಾರ ಕಳೆದುಕೊಂಡು ನೀಲಿ ಬಿಡುತ್ತದೆ. ಹಸಿರು ಕ್ಲೋರೋಫಿಲ್‌ನ ಹೊಟ್ಟೆಯಲ್ಲಿ ಒಂದು ಮೆಗ್ನೀಸಿಯಮ್ ಇರುತ್ತದೆ. ಬಿಸಿಗೆ ಅದು ಕಳಚಿಕೊಂಡರೆ ಬಣ್ಣ ಕಂದಾಗುತ್ತದೆ. ಬೆಂಡೆಕಾಯಿ ಜಾಸ್ತಿ ಬೆಂದಾಗ ಆಗುವುದೂ ಇದೇ. ಮೂರನೆಯದು ಕೇಸರಿ ಬಣ್ಣದ ಕ್ಯಾರೋಟೀನ್. ಹಸಿರಿನ ಅಡಿಯಲ್ಲಿ ಅಡಗಿರುವುದರಿಂದ ಕಣ್ಣಿಗೆ ಕಾಣುವುದಿಲ್ಲ. ನಮ್ಮ ಕಥೆ ಇದರದ್ದು.

ಬೀಟಾ ಕ್ಯಾರೋಟೀನ್ ಅಂದರೆ ಎರಡೂ ತುದಿಯಲ್ಲಿ ಉಂಗುರ ಇರುವ ಒಂದು ಉದ್ದ ಸರಪಳಿ. ಒಟ್ಟು 40 ಇಂಗಾಲ. ಮಧ್ಯದಲ್ಲಿ ಒಂದು ಬಿಟ್ಟು ಒಂದರಂತೆ ಜೋಡಿ ಬಂಧಗಳು, ಎಲ್ಲ ಸೇರಿ 11. ಈ ಸಾಲು ಬೆಳಕಿನ ನೀಲಿ ಭಾಗವನ್ನು ನುಂಗುವುದರಿಂದಲೇ ನಮಗೆ ಕೇಸರಿ ಕಾಣುವುದು. ಇಷ್ಟು ಉದ್ದದ ಅಣು ಗಾಳಿಗೆ ಹಾರುವುದಿಲ್ಲ. ಹಾರದ್ದು ಮೂಗಿಗೆ ಸಿಗುವುದಿಲ್ಲ. ಕ್ಯಾರೋಟೀನ್‌ಗೆ ತನ್ನದೇ ಆದ ವಾಸನೆ ಇಲ್ಲದೇ ಇರುವುದು ಅದಕ್ಕೇ.

ಬಿಸಿ ಮತ್ತು ಗಾಳಿಯ ಆಮ್ಲಜನಕ ಒಟ್ಟಿಗೆ ಬಂದರೆ ಸರಪಳಿ ತುಂಡಾಗುತ್ತದೆ. ಎಲ್ಲಿ ಬೇಕಾದರೂ ತುಂಡಾಗಬಹುದು, ಆದರೆ ಕೆಲವು ಕೊಂಡಿಗಳು ಬೇಗ ಬಿಡುತ್ತವೆ. 9 ಮತ್ತು 10ನೇ ಇಂಗಾಲದ ನಡುವೆ ಕಡಿದರೆ ಉಂಗುರದ ಜೊತೆ 13 ಇಂಗಾಲದ ತುಂಡು ಬೀಳುತ್ತದೆ. ಅದೇ ಬೀಟಾ ಅಯೊನೋನ್. 7 ಮತ್ತು 8ರ ನಡುವೆ ಕಡಿದರೆ 10 ಇಂಗಾಲದ ಬೀಟಾ ಸೈಕ್ಲೋಸಿಟ್ರಾಲ್. ಅಯೊನೋನ್ ಇನ್ನೂ ಸುಟ್ಟರೆ 11 ಇಂಗಾಲದ ಡೈಹೈಡ್ರೋಆಕ್ಟಿನಿಡಿಯೊಲೈಡ್. ಹೆಸರು ಹೇಳುವಷ್ಟರಲ್ಲಿ ಕಾಫಿ ತಣ್ಣಗಾಗುತ್ತದೆ, ಹಾಗಾಗಿ ಮನೆಯಲ್ಲಿ ಅದಕ್ಕೆ "ಉದ್ದ ಹೆಸರಿನದ್ದು" ಅಂತಲೇ ಹೇಳಿದೆವು. ಅದರ ವಾಸನೆ ಚಹಾದ ಎಲೆ, ಒಣ ಹುಲ್ಲಿನ ಹಾಗೆ.

ಈ ತುಂಡುಗಳು ಹಗುರ. ಹಾರುತ್ತವೆ. ಸರಪಳಿ ಮುರಿದಾಗ ಬಣ್ಣ ಹೋಗುತ್ತದೆ, ಅದೇ ಹೊತ್ತಿಗೆ ಪರಿಮಳ ಹುಟ್ಟುತ್ತದೆ. ಚಹಾ ಕಾರ್ಖಾನೆಯಲ್ಲಿ ಎಲೆ ಒಣಗಿಸುವಾಗ ಆಗುವ ಕೆಲಸದಲ್ಲಿ ಇದೂ ಒಂದು. ಕೇಸರಿಯಲ್ಲೂ ಇದರದ್ದೇ ದಾಯಾದಿ ಕಥೆ. ಹಸಿ ಕೇಸರಿ ಎಳೆಗೆ ನಮಗೆ ಗೊತ್ತಿರುವ ಆ ಘಮ ಇರುವುದಿಲ್ಲ. ಒಣಗಿಸುವಾಗ ಪಿಕ್ರೊಕ್ರೋಸಿನ್ ಅನ್ನುವ ಕಹಿ ಪದಾರ್ಥ ಒಡೆದು ಸಾಫ್ರನಾಲ್ ಆದ ಮೇಲೆ ಬರುತ್ತದೆ. ಇನ್ನು ಸಂಪಿಗೆ ಹೂವಿನ ಪರಿಮಳದಲ್ಲಿ ಅಯೊನೋನ್‌ಗಳು ಇರುವುದು ಗೊತ್ತಿರುವ ವಿಷಯ. ಅಕ್ಕನ ಮೂಗು ಸುಳ್ಳು ಹೇಳಿರಲಿಲ್ಲ.

ಮೂರು ವಾರ ಮುಚ್ಚಿದ ಡಬ್ಬಿ, ಕೆಳಗೆ ಒಲೆಯ ಶಾಖ, ಒಳಗೆ ಸಣ್ಣ ರಂಧ್ರ ತುಂಬಿದ ಒಣ ಎಳೆ. ಒಲೆಯಲ್ಲಿ ಶುರುವಾದ ಒಡೆತ ಅಟ್ಟದ ಮೇಲೂ ನಿಧಾನವಾಗಿ ನಡೆದಿತ್ತು. ಹುಟ್ಟಿದ್ದೆಲ್ಲ ಡಬ್ಬಿಯೊಳಗೇ ಸೇರಿತ್ತು.

"ಹಾಗಾದರೆ ಇದನ್ನು ಮಾರಬಹುದಲ್ಲ?" ಭಾವ ಕೇಳಿದರು. ಕೇಳಿಯೇ ಕೇಳುತ್ತಾರೆ ಅಂತ ಗೊತ್ತಿತ್ತು.

ಬಾಣಲೆಯ ಮೊದಲ ಸೋಲು

ಮೊದಲು ಪರಿಮಳ ತೆಗೆದು ನೋಡೋಣ ಅಂತ ಫ್ಲಾಸ್ಕ್, ಪಂಪ್ ಅಂತೆಲ್ಲ ಹೇಳಿದೆ. ಭಾವನಿಗೆ ಅಷ್ಟೊಂದು ಉಪಕರಣ ಯಾಕೆ ಅನ್ನಿಸಿತು. "ಬಾಣಲೆಯಲ್ಲಿ ಹುರಿದರೆ ಆಯ್ತಲ್ಲ, ಜೀರಿಗೆ ಹುರಿದ ಹಾಗೆ." ಒಂದು ಹಿಡಿ ಪುಡಿ ಹಾಕಿ ಸಣ್ಣ ಉರಿಯಲ್ಲಿ ಆಡಿಸಿದೆವು. ಮೊದಲ ನಿಮಿಷ ಒಣ ಹುಲ್ಲು. ಎರಡನೆಯ ನಿಮಿಷದಿಂದ ಒಣಮೀನು. ಐದು ನಿಮಿಷಕ್ಕೆ ಕೂದಲು ಸುಟ್ಟ ವಾಸನೆಯ ಜೊತೆ ಹುರಿದ ಶೇಂಗಾದ ವಾಸನೆ. ಅಕ್ಕ ಒಳಗಿಂದ ಓಡಿ ಬಂದಳು. ಆ ಮನೆಯಲ್ಲಿ ಮೀನು ಬೇಯಿಸುವ ಪದ್ಧತಿ ಇಲ್ಲ. ಬಾಣಲೆ ಆ ದಿನದಿಂದ ಕೊಟ್ಟಿಗೆಗೆ ಸೇರಿತು, ಇನ್ನೂ ಅಲ್ಲೇ ಇದೆ.

ಕಾರಣ ಕಷ್ಟದ್ದೇನಲ್ಲ. ಸ್ಪಿರುಲಿನಾದ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ರೋಟೀನ್. ಪ್ರೋಟೀನ್ ಮತ್ತು ಸಕ್ಕರೆ ಬಿಸಿಗೆ ಸೇರಿದರೆ ಹುರಿದ ವಾಸನೆಯ ಪೈರಜೀನ್‌ಗಳು ಹುಟ್ಟುತ್ತವೆ. ಅದರ ಕೊಬ್ಬಿನಲ್ಲಿ ಗಾಮಾ ಲಿನೊಲೆನಿಕ್ ಆಮ್ಲ ಇದೆ, ಗಾಳಿಗೆ ಬೇಗ ಕೆಡುವ ಜಾತಿ. ಮೀನು, ಹಸಿ ಹುಲ್ಲಿನಂಥ ಆಲ್ಡಿಹೈಡ್‌ಗಳು ಅದರಿಂದ ಬರುತ್ತವೆ. ಇವೆಲ್ಲದರ ನಡುವೆ ಕ್ಯಾರೋಟೀನ್ ಒಂದು ಗ್ರಾಂ ಪುಡಿಗೆ ಒಂದೆರಡು ಮಿಲಿಗ್ರಾಂ. ಜಾತ್ರೆಯಲ್ಲಿ ಕೊಳಲು ಊದಿದ ಹಾಗೆ ಅದು. ಪುಡಿಯನ್ನು ಹಾಗೇ ಹುರಿದರೆ ಪರಿಮಳ ಸಿಗುವುದಿಲ್ಲ. ಬಣ್ಣವನ್ನು ಮೊದಲು ಬೇರೆ ಮಾಡಬೇಕು.

ಎಣ್ಣೆ, ಮರಳು, ಅಕ್ವೇರಿಯಂ ಪಂಪ್

ಕ್ಯಾರೋಟೀನ್ ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ಪ್ರೋಟೀನ್ ಎಣ್ಣೆಗೆ ಬರುವುದಿಲ್ಲ. ಅರ್ಧ ಕೆಲಸ ಇಲ್ಲೇ ಆಯಿತು. ಯಾವ ಎಣ್ಣೆ ಅನ್ನುವುದಕ್ಕೆ ಸ್ವಲ್ಪ ಯೋಚಿಸಿದೆ. ಸೂರ್ಯಕಾಂತಿ ಎಣ್ಣೆ ಬಿಸಿಗೆ ತಾನೇ ಕೆಟ್ಟು ತನ್ನ ವಾಸನೆ ಬೆರೆಸುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಒಡೆಯುವ ಜೋಡಿ ಬಂಧಗಳು ಕಡಿಮೆ, ತಡೆದುಕೊಳ್ಳುತ್ತದೆ. ಗಾಣದ್ದು ಬೇಡ, ವಾಸನೆ ತೆಗೆದ ಅಂಗಡಿಯ ಎಣ್ಣೆಯೇ ತಂದೆ.

200 ಗ್ರಾಂ ಪುಡಿಯನ್ನು ಬೆಚ್ಚಗಿನ ಎಣ್ಣೆಯಲ್ಲಿ ಕಲಸಿ ರಾತ್ರಿ ಕತ್ತಲೆಯಲ್ಲಿ ಇಟ್ಟು, ಬೆಳಿಗ್ಗೆ ಮಲ್ಲು ಬಟ್ಟೆಯಲ್ಲಿ ಹಿಂಡಿ, ಫಿಲ್ಟರ್ ಕಾಗದದಲ್ಲಿ ಸೋಸಿದೆ. ಬಂದದ್ದು ಕಡು ಹಸಿರು ಎಣ್ಣೆ. ಬಿಳಿ ತಟ್ಟೆಯ ಮೇಲೆ ಒಂದು ಹನಿ ಹರಡಿದರೆ ಅಂಚಿನಲ್ಲಿ ಹಳದಿ ಗೆರೆ ಕಾಣುತ್ತಿತ್ತು. ಅದನ್ನು ನೋಡಿದ ಮೇಲೆ ನನಗೆ ಧೈರ್ಯ ಬಂತು.

ಅಂಗಳದಲ್ಲಿ ಒಲೆ ಹೂಡಿದೆವು. ಕಬ್ಬಿಣದ ತಟ್ಟೆಯಲ್ಲಿ ಹೊಳೆ ಮರಳು, ಮರಳಿನಲ್ಲಿ ಹೂತ ಗಾಜಿನ ಫ್ಲಾಸ್ಕ್, ಅದರೊಳಗೆ ಎಣ್ಣೆ ಮತ್ತು ಥರ್ಮಾಮೀಟರ್. ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪಂಪ್‌ನಿಂದ ಗಾಳಿ ಗುಳ್ಳೆ ಬಿಡುವ ವ್ಯವಸ್ಥೆ. ಹೊರಗೆ ಹೋಗುವ ಗಾಳಿ ಒಂದು ನಳಿಗೆಯಲ್ಲಿ ಐಸ್ ಸುತ್ತಿದ ಬಾಟಲಿಗೆ. ಬಾಟಲಿಯಲ್ಲಿ ಸ್ವಲ್ಪ ತಣ್ಣನೆಯ ಆಲ್ಕೋಹಾಲ್. ಹಾರಿ ಬಂದದ್ದು ಅಲ್ಲಿ ಸಿಕ್ಕಿಹಾಕಿಕೊಳ್ಳಬೇಕು. ಶಿವಮೊಗ್ಗದಲ್ಲಿ ಗಂಧದೆಣ್ಣೆ ಕಾರ್ಖಾನೆ 1944ರಲ್ಲೇ ಶುರುವಾಗಿತ್ತು. ಹಾಗಾಗಿ ಆವಿ ಹಿಡಿದು ಪರಿಮಳ ತೆಗೆಯುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ ಅಂತ ನಾನು ಭಾಷಣ ಮಾಡಿದೆ. "ಅವರದು ತಾಮ್ರದ ಹಂಡೆ, ನಿಂದು ಮೀನಿನ ಪಂಪ್" ಅಂದರು ಭಾವ.

ಬಿಸಿ ಎಷ್ಟು? ನೀರಿನಲ್ಲಿ 97 ಡಿಗ್ರಿಯಲ್ಲೇ ಬೀಟಾ ಕ್ಯಾರೋಟೀನ್ ಗಂಟೆಗಳಲ್ಲಿ ಒಡೆದು ಅಯೊನೋನ್ ಮತ್ತು ಉದ್ದ ಹೆಸರಿನದ್ದು ಕೊಡುತ್ತದೆ. ತುಂಬಾ ಮೇಲೆ ಹೋದರೆ ಸರಪಳಿಯ ನಡುಭಾಗ ಸುರುಳಿಯಾಗಿ ಟೊಲೀನ್, ಕ್ಸೈಲೀನ್ ಉದುರುತ್ತವೆ. ಅವು ಪೇಂಟ್ ಥಿನ್ನರ್‌ನ ಸಾಮಾನು, ಪರಿಮಳಕ್ಕೂ ಬೇಡ, ಶ್ವಾಸಕ್ಕೂ ಬೇಡ. ಹಾಗಾಗಿ 120 ಡಿಗ್ರಿ ಹಿಡಿದು ಅಲ್ಲೇ ನಿಲ್ಲಿಸಿದೆ. ಇದನ್ನು ಅಡುಗೆಮನೆಯ ಒಳಗೆ ಯಾರೂ ಮಾಡಬೇಡಿ. ಬಿಸಿ ಎಣ್ಣೆಗೆ ಗಾಳಿ ಊದುವುದು, ಪಕ್ಕದಲ್ಲೇ ಆಲ್ಕೋಹಾಲ್, ಎರಡೂ ಬೆಂಕಿ ಹಿಡಿಯುವ ವಸ್ತು. ನಮ್ಮಲ್ಲಿ ಬಾಟಲಿ ಒಲೆಯಿಂದ ಎರಡು ಮಾರು ದೂರದಲ್ಲಿತ್ತು.

20 ನಿಮಿಷಕ್ಕೆ ಮೊದಲ ಬಾಟಲಿ ಬದಲಾಯಿಸಿದೆ. ಒಂದು ಗಂಟೆಗೆ ಎರಡನೆಯದು. ಎರಡು ಗಂಟೆಗೆ ಮೂರನೆಯದು. ಅಷ್ಟರಲ್ಲಿ ಫ್ಲಾಸ್ಕಿನ ಎಣ್ಣೆ ಹಸಿರು ಬಿಟ್ಟು ಪೊಲೀಸ್ ಖಾಕಿ ಬಣ್ಣಕ್ಕೆ ಬಂದಿತ್ತು. ಬರೀ ಕೊಬ್ಬರಿ ಎಣ್ಣೆಯನ್ನೂ ಇದೇ ಥರ ಎರಡು ಗಂಟೆ ಕಾಯಿಸಿ ಇನ್ನೊಂದು ಬಾಟಲಿ ಮಾಡಿದೆ. ಇದು ಬೇಕೇ ಬೇಕು, ಇಲ್ಲದಿದ್ದರೆ ಎಣ್ಣೆಯ ವಾಸನೆಗೆ ಪಾಚಿಯ ಹೆಸರು ಕೊಟ್ಟುಬಿಡುತ್ತೇವೆ.

ಅಕ್ಕ ಮೊದಲ ಬಾಟಲಿಗೆ ಮೂಗು ಇಟ್ಟಳು. ಕಣ್ಣು ಮುಚ್ಚಿದಳು. "ಸಂಪಿಗೆ. ಇದೇ." ಮೂರನೆಯದಕ್ಕೆ, "ಇದು ಚಹಾಪುಡಿ ಡಬ್ಬಿ. ಒಣ ಹುಲ್ಲಿನ ಮೆದೆ ಹತ್ತಿರ ನಿಂತ ಹಾಗೆ." ಗಾಳಿ ಜಾಸ್ತಿ ಹೊತ್ತು ಹೋದರೆ ಅಯೊನೋನ್ ಮುಂದಕ್ಕೆ ಉದ್ದ ಹೆಸರಿನದ್ದಾಗುತ್ತದೆ ಅನ್ನುವುದನ್ನು ನಾನು ಓದಿ ತಿಳಿದದ್ದು. ಅವಳು ಮೂಸಿ ಹೇಳಿದಳು.

ಭಾವ ಮೊದಲ ಬಾಟಲಿ ಮೂಸಿದರು. ಮುಖ ಹಿಂಡಿದರು. "ಹುಳಿ ಹುಳಿ. ವಿನಿಗರ್ ಬಾಟಲಿ ಹಾಗೆ. ಎಲ್ಲಿದೆ ಸಂಪಿಗೆ?"

"ನಿಮಗೆ ನೆಗಡಿ" ಅಂದಳು ಅಕ್ಕ.

"ನೆಗಡಿ ಆದವನಿಗೆ ವಿನಿಗರ್ ಗೊತ್ತಾಗ್ತದಾ?" ಅಂದರು ಭಾವ. ನ್ಯಾಯವಾದ ಮಾತು.

ಅಂಗಳದ ಪರೀಕ್ಷೆ

ಗಂಡ ಹೆಂಡತಿ ಜಗಳದಲ್ಲಿ ಮೂರನೆಯವರು ತಲೆ ಹಾಕಬಾರದು. ಆದರೆ ಇದು ಮೂಗಿನ ಜಗಳ, ಅದನ್ನು ಅಳೆಯಬಹುದು. ಮರುವಾರ ಒಂದು ಪರೀಕ್ಷೆ ಮಾಡಿದೆ. ಒಬ್ಬೊಬ್ಬರ ಮುಂದೆ ಮೂರು ಮುಚ್ಚಿದ ಲೋಟ. ಎರಡರಲ್ಲಿ ಬರೀ ಎಣ್ಣೆಯ ಬಾಟಲಿಯಿಂದ ಒಂದು ಹನಿ, ಒಂದರಲ್ಲಿ ಪಾಚಿಯದ್ದು. ಬೇರೆ ಇರುವುದು ಯಾವುದು ಅಂತ ಹೇಳಬೇಕು, ಅಷ್ಟೇ. ಮೂರು ಸುತ್ತು, ಪ್ರತಿ ಸಲ ಜಾಗ ಬದಲು. ಮೂರೂ ಸಲ ಸುಮ್ನೆ ಊಹೆಯಲ್ಲಿ ಸರಿಯಾಗುವ ಅವಕಾಶ 27ರಲ್ಲಿ ಒಂದು. ಪರಿಮಳ, ವಾಸನೆ, ನಾತ ಅನ್ನುವ ಮಾತುಗಳಿಗೆ ನಿಷೇಧ. ಒಬ್ಬರು "ಪರಿಮಳ" ಅಂದರೆ ಪಕ್ಕದವರಿಗೂ ಪರಿಮಳ ಬಂದುಬಿಡುತ್ತದೆ.

ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಹತ್ತು ನಿಮಿಷ ಬಿಡುವು. ಅಯೊನೋನ್‌ಗೆ ಒಂದು ಕೆಟ್ಟ ಗುಣ ಇದೆ. ನಾಲ್ಕು ಸಲ ಮೂಸುವಷ್ಟರಲ್ಲಿ ಮೂಗು ಮರಗಟ್ಟಿ ಪರಿಮಳ ಮಾಯ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹಾಜರು. ಇದು ಗೊತ್ತಿಲ್ಲದೆ ಪರೀಕ್ಷೆ ಮಾಡಿದರೆ ಎಲ್ಲರೂ ಫೇಲ್.

ತೋಟದ ಕೆಲಸಕ್ಕೆ ಬಂದವರು, ಪಕ್ಕದ ಮನೆಯವರು, ಮಕ್ಕಳು ಸೇರಿ ಒಂಬತ್ತು ಜನ. ಹನಿಯನ್ನು ತುಂಬಾ ತೆಳು ಮಾಡಿದ್ದೆ, ವಿನಿಗರ್ ಥರದ ಚುಚ್ಚೂ ಬರದಷ್ಟು. ಐವರು ಮೂರಕ್ಕೆ ಮೂರು ಸರಿ ಹೇಳಿದರು. ಅಕ್ಕ ಅವರಲ್ಲಿ ಒಬ್ಬಳು, ಅವಳ ಮಗಳು ಇನ್ನೊಬ್ಬಳು. ಉಳಿದ ನಾಲ್ವರು ಕಣ್ಣು ಕಟ್ಟಿ ಕಲ್ಲೆಸೆದ ಹಾಗೆ. ಭಾವ ಮೂರರಲ್ಲಿ ಒಂದು. ಮಗ ಮೂರರಲ್ಲಿ ಸೊನ್ನೆ. "ಮಾವ, ಮೂರೂ ನೀರೇ ಅಲ್ವಾ?" ಅಂತ ಕೇಳಿದ.

ಒಂಬತ್ತು ಜನರಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು. ಆದರೆ ಈ ಚಿತ್ರ ನನಗೆ ಹೊಸದಾಗಿರಲಿಲ್ಲ. 2013ರಲ್ಲಿ ನ್ಯೂಜಿಲೆಂಡ್‌ನ ಸಂಶೋಧಕರು ಇದರ ಕಾರಣ ಹಿಡಿದು ಪ್ರಕಟಿಸಿದ್ದರು. ವಾಸನೆಯ ಅಣು ಬಂದು ಕೂರುವ ಮೂಗಿನ ಪ್ರೋಟೀನ್‌ಗೆ ಗ್ರಾಹಕ ಅನ್ನುತ್ತಾರೆ. ಬೀಟಾ ಅಯೊನೋನ್ ಹಿಡಿಯುವ ಗ್ರಾಹಕದ ಜೀನ್ ಹೆಸರು ಓಆರ್5ಎ1. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಗ್ರಾಹಕದ 183ನೇ ಜಾಗದ ಅಮೈನೋ ಆಮ್ಲ ಬದಲಾಗುತ್ತದೆ, ಅಯೊನೋನ್ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಅಪ್ಪ ಅಮ್ಮ ಇಬ್ಬರಿಂದಲೂ ಈ ಜೀನ್‌ನ ಮಂದ ಪ್ರತಿ ಬಂದವರಿಗೆ ಹೂವಿನ ಪರಿಮಳ ಸಿಗುವುದಿಲ್ಲ. ಪ್ರಮಾಣ ಜಾಸ್ತಿ ಆದಾಗ ಮಾತ್ರ ಏನೋ ಹುಳಿ, ಚುಚ್ಚು ಅನ್ನಿಸುತ್ತದೆ. ಒಂದೇ ಪ್ರತಿ ಚುರುಕಿದ್ದರೂ ಸಾಕು, ಪರಿಮಳ ಬರುತ್ತದೆ.

ಈ ಲೆಕ್ಕ ಆ ಮನೆಗೆ ಕೂರಿಸಿ ನೋಡಿ. ಭಾವನದು ಎರಡೂ ಮಂದ. ಮಗನಿಗೂ ಎರಡೂ ಮಂದ ಬಂದಿದ್ದರೆ ಒಂದು ಅಕ್ಕನಿಂದಲೇ ಬಂದಿರಬೇಕು. ಹಾಗಾದರೆ ಅಕ್ಕನದು ಒಂದು ಚುರುಕು, ಒಂದು ಮಂದ. ಮಗಳಿಗೆ ಚುರುಕಿನದ್ದು ಸಿಕ್ಕಿತು. ಯಾರ ರಕ್ತವನ್ನೂ ಪರೀಕ್ಷೆ ಮಾಡಿಸಿಲ್ಲ, ಬರೀ ಲೋಟದ ಲೆಕ್ಕ. ಮೆಂಡೆಲ್‌ನ ಬಟಾಣಿ ಗಿಡದ ಪಾಠವನ್ನು ಇಷ್ಟು ವರ್ಷ ಕಪ್ಪುಹಲಗೆಯ ಮೇಲೆ ನೋಡಿದ್ದೆ, ಅಂಗಳದಲ್ಲಿ ನೋಡಿದ್ದು ಇದೇ ಮೊದಲು.

ಆಗ ಭಾವನ ಹಳೆಯ ಮಾತು ತಲೆಗೆ ಬಂತು. ಆ ರಾತ್ರಿ ಎರಡು ಸಲ ಎದ್ದು ಒಲೆಯ ಬಾಗಿಲು ತೆಗೆದು ಮೂಸಿದ್ದರು. "ಎಂತ ವಾಸನೆಯೂ ಇರಲಿಲ್ಲ." ಕ್ಯಾರೋಟೀನ್ ಒಡೆಯುತ್ತಿದ್ದ ಒಲೆಯ ಮುಂದೆ, ಆ ಸುದ್ದಿ ತರುವ ಅಣು ಮೂಗಿಗೆ ಬಡಿಯುತ್ತಿದ್ದಾಗ, ಅದನ್ನು ಕೇಳಿಸಿಕೊಳ್ಳಲು ಆಗದ ಮೂಗು ಕಾವಲಿಗೆ ನಿಂತಿತ್ತು. ಅಕ್ಕ ಒಳಗೆ ಮಲಗಿದ್ದಳು.

ಯಂತ್ರದ ಮೂಗು

ಮೂರು ಬಾಟಲಿ ಮತ್ತು ಬರೀ ಎಣ್ಣೆಯದ್ದನ್ನು ಗೆಳೆಯರೊಬ್ಬರ ಸಹಾಯದಿಂದ ಜಿಸಿ-ಎಂಎಸ್ ಯಂತ್ರದಲ್ಲಿ ಓಡಿಸಿದೆ. ಈ ಯಂತ್ರ ಆವಿಯಲ್ಲಿ ಇರುವುದನ್ನು ಉದ್ದ ನಳಿಗೆಯಲ್ಲಿ ಒಂದೊಂದಾಗಿ ಬೇರೆ ಮಾಡಿ, ತೂಕ ನೋಡಿ ಗುರುತು ಹೇಳುತ್ತದೆ. ಅಯೊನೋನ್ ಇತ್ತು. ಸೈಕ್ಲೋಸಿಟ್ರಾಲ್ ಇತ್ತು. ಯಂತ್ರ ಬರೆದ ನಕ್ಷೆಯಲ್ಲಿ, ಎರಡು ಗಂಟೆಯ ಬಾಟಲಿಗೆ ಉದ್ದ ಹೆಸರಿನದ್ದರ ಶಿಖರ ಅಯೊನೋನ್‌ಗಿಂತ ಎತ್ತರ. 20 ನಿಮಿಷದ್ದರಲ್ಲಿ ತಿರುಗಾಮುರುಗಾ. ಬರೀ ಎಣ್ಣೆಯಲ್ಲಿ ಈ ಮೂರೂ ಇಲ್ಲ, ತೆಂಗಿನ ವಾಸನೆಯ ಲ್ಯಾಕ್ಟೋನ್‌ಗಳು ಮತ್ತು ಎಣ್ಣೆ ಕೆಟ್ಟಾಗ ಬರುವ ಹೆಕ್ಸನಾಲ್ ಸ್ವಲ್ಪ, ಅಷ್ಟೇ. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ಅಷ್ಟಕ್ಕೆ ಯಂತ್ರ ಬೇಕಿತ್ತಾ?" ಅಂದಳು.

ಮಾರುವ ಲೆಕ್ಕ

ಭಾವನ ಪ್ರಶ್ನೆಗೆ ಉತ್ತರ ಕೊಡಬೇಕಲ್ಲ. ಕಾಗದ ಪೆನ್ನು ಹಿಡಿದು ಕೂತೆವು.

ಎರಡು ಕಿಲೋ ಪುಡಿ. ಗ್ರಾಂಗೆ ಒಂದು ಮಿಲಿಗ್ರಾಂ ಅಂತ ಹಿಡಿದರೆ ಬೀಟಾ ಕ್ಯಾರೋಟೀನ್ ಎರಡು ಗ್ರಾಂ. ಒಂದು ಕ್ಯಾರೋಟೀನ್ ಅಣು ಎರಡೂ ತುದಿಯಲ್ಲಿ ಸರಿಯಾದ ಜಾಗದಲ್ಲೇ ಕಡಿದರೆ ಎರಡು ಅಯೊನೋನ್. ತೂಕದ ಲೆಕ್ಕದಲ್ಲಿ ನೂರಕ್ಕೆ ಸುಮಾರು 72 ಭಾಗ. ಅಂದರೆ ಹೆಚ್ಚೆಂದರೆ 1.4 ಗ್ರಾಂ. ಬಿಸಿಗೆ ಕಣ್ಣಿಲ್ಲ, ಎಲ್ಲೆಲ್ಲೋ ಕಡಿಯುತ್ತದೆ. ನೂರರಲ್ಲಿ ಒಂದು ಪಾಲು ಸಿಕ್ಕಿತು ಅಂತ ಇಟ್ಟುಕೊಂಡರೆ 14 ಮಿಲಿಗ್ರಾಂ. ಒಂದು ಹನಿಗೂ ಕಡಿಮೆ.

ಭಾವ ನಕ್ಕರು. ನಾನು ಲೆಕ್ಕದ ಇನ್ನೊಂದು ಬದಿ ತೋರಿಸಿದೆ. ಬೀಟಾ ಅಯೊನೋನ್‌ನ್ನು ಚುರುಕು ಮೂಗು ಒಂದು ಲೀಟರ್ ನೀರಿನಲ್ಲಿ 0.007 ಮೈಕ್ರೋಗ್ರಾಂ ಇದ್ದರೂ ಗುರುತಿಸುತ್ತದೆ. ಹಾಗಾದರೆ ಒಂದು ಮಿಲಿಗ್ರಾಂ ಅಯೊನೋನ್ ಸುಮಾರು 1.4 ಲಕ್ಷ ಲೀಟರ್ ನೀರಿಗೆ ಸಾಕು. 12,000 ಲೀಟರ್‌ನ ಟ್ಯಾಂಕರ್ ಹನ್ನೆರಡು ಬೇಕಾಗುತ್ತದೆ. 14 ಮಿಲಿಗ್ರಾಂ ಅಂದರೆ ಸಣ್ಣ ಕೆರೆಯ ಲೆಕ್ಕ.

"ಆ ಕೆರೆ ನನಗೆ ಬರೀ ನೀರು" ಅಂದರು ಭಾವ.

ಹಾಗಿದ್ದರೂ ವ್ಯಾಪಾರ ಆಗುವುದಿಲ್ಲ. ಅಯೊನೋನ್‌ನ್ನು ಕಾರ್ಖಾನೆಯಲ್ಲಿ ಮಾಡುವುದು 1893ರಿಂದ ಗೊತ್ತು. ಜರ್ಮನಿಯ ಟೀಮನ್ ಮತ್ತು ಕ್ರೂಗರ್ ಸಿಟ್ರಾಲ್ ಮತ್ತು ಅಸಿಟೋನ್ ಸೇರಿಸಿ ಮಾಡಿ ತೋರಿಸಿದ್ದರು. ಸಿಟ್ರಾಲ್ ಅಂದರೆ ಅಕ್ಕನ ಹಿತ್ತಲಿನ ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಹೇರಳವಾಗಿ ಇರುವುದು. ಈಗ ವಿಟಮಿನ್ ಎ ತಯಾರಿಕೆಗೂ ಅದೇ ಅಯೊನೋನ್ ಕಚ್ಚಾವಸ್ತು, ಟನ್‌ಗಟ್ಟಲೆ ಆಗುತ್ತದೆ. ಅದರ ಎದುರು ಹಾಳಾದ ಸ್ಪಿರುಲಿನಾದ 14 ಮಿಲಿಗ್ರಾಂ ಎಲ್ಲಿ ನಿಲ್ಲುತ್ತದೆ? ಪಾಚಿಯಿಂದಲೇ ಮಾಡಬೇಕು ಅನ್ನುವವರು ಡುನಾಲಿಯೆಲ್ಲಾ ಸಲೀನಾ ಹಿಡಿಯಬೇಕು. ಉಪ್ಪುನೀರಿನ ಪಾಚಿ, ಒಣ ತೂಕದ ನೂರಕ್ಕೆ ಹತ್ತರಷ್ಟು ತನಕ ಬೀಟಾ ಕ್ಯಾರೋಟೀನ್ ತುಂಬಿಕೊಳ್ಳುತ್ತದೆ. ಆಸ್ಟ್ರೇಲಿಯಾದ ಹಟ್ ಲಗೂನ್ ಅನ್ನುವ ಉಪ್ಪು ಸರೋವರ ಗುಲಾಬಿ ಬಣ್ಣ ತಳೆಯುವುದಕ್ಕೆ ಅದೂ ಒಂದು ಕಾರಣ. ಅದಕ್ಕೆ ಸುಡುವ ಬಿಸಿಲು, ಉಪ್ಪು, ಬಯಲು ಬೇಕು. ಆಗುಂಬೆ ದಾರಿಯಲ್ಲಿ ಮೂರೂ ಇಲ್ಲ. ಡುನಾಲಿಯೆಲ್ಲಾ ಕ್ಯಾರೋಟೀನ್‌ನ ಕ್ಯಾಪ್ಸೂಲ್ ಒಡೆದು ಅದೇ ಫ್ಲಾಸ್ಕಿನಲ್ಲಿ ಒಂದು ಸಲ ಕಾಯಿಸಿ ನೋಡಿದೆ. ಅಂಗಳ ದಾಟಿ ಜಗುಲಿ ತನಕ ಬಂತು ಅಂತ ಅಕ್ಕ ಹೇಳಿದಳು.

ಈಗ ನಡೆಯುತ್ತಿರುವುದು

ಹಾಳಾದ ಪುಡಿಯಲ್ಲಿ ಉಳಿದದ್ದು ತೆಂಗಿನ ಬುಡಕ್ಕೆ ಹೋಯಿತು. 20 ನಿಮಿಷದ ಬಾಟಲಿಯಲ್ಲಿ ಸ್ವಲ್ಪ ಅಕ್ಕನ ಬೀರುವಿನಲ್ಲಿದೆ, ರೇಷ್ಮೆ ಸೀರೆಗಳ ನಡುವೆ. ಸೌದೆಯ ಡ್ರೈಯರ್‌ಗೆ ಹಸಿರು ತಳ್ಳುವುದು ಬಂದ್. ಕರೆಂಟ್ ಹೋದರೆ ಮುದ್ದೆಯನ್ನು ತೆಳುವಾಗಿ ಹಚ್ಚಿ ಫ್ರೀಜರ್‌ಗೆ ಹಾಕಿ ಜನರೇಟರ್ ಹಚ್ಚುತ್ತಾರೆ. ಡ್ರೈಯರ್‌ನ ಮೇಲಿನ ಮತ್ತು ಕೆಳಗಿನ ತಟ್ಟೆಗೆ ಬೇರೆ ಬೇರೆ ಥರ್ಮಾಮೀಟರ್ ಬಂತು.

ಇನ್ನೊಂದು ಪದ್ಧತಿ ತಾನಾಗಿ ಶುರುವಾಯಿತು. ಒಣಗಿದ ಎಳೆಯನ್ನು ಒಂದು ಸಣ್ಣ ಡಬ್ಬಿಗೆ ತುಂಬಿ ರಾತ್ರಿ ಮುಚ್ಚಿಡುತ್ತಾರೆ. ಬೆಳಿಗ್ಗೆ ಕಾಫಿಗೆ ಮೊದಲು ಅಕ್ಕ ಅಥವಾ ಮಗಳು ಮುಚ್ಚಳ ತೆಗೆದು ಮೂಸುತ್ತಾರೆ. ಹೂವಿನ ಪರಿಮಳ ಬಂದರೆ ಕ್ಯಾರೋಟೀನ್ ಒಡೆದಿದೆ ಅಂತ ಅರ್ಥ, ಆ ಬ್ಯಾಚ್ ಬೇರೆ ಇಡಬೇಕು. ಪರಿಮಳ ಬಂದರೆ ಮಾಲು ಕೆಟ್ಟಿದೆ ಅನ್ನುವ ವ್ಯಾಪಾರ ಜಗತ್ತಿನಲ್ಲಿ ಇನ್ನೆಲ್ಲಿ ಇದೆಯೋ ನನಗೆ ಗೊತ್ತಿಲ್ಲ.

ಏಪ್ರಿಲ್‌ನಲ್ಲಿ ಹೋದಾಗ ನಾನೂ ಜಗುಲಿಯಲ್ಲಿದ್ದೆ. ಅಕ್ಕ ಮುಚ್ಚಳ ತೆಗೆದು ಒಂದು ಸಲ ಮೂಸಿದಳು, ಡಬ್ಬಿ ದೂರ ಹಿಡಿದಳು, ಸ್ವಲ್ಪ ತಡೆದು ಮತ್ತೆ ಮೂಸಿದಳು.

"ರೀ, ಚೂರು ಇದೆ."

ಭಾವ ಮಾತಾಡದೆ ಎದ್ದು ಡ್ರೈಯರ್ ಹತ್ತಿರ ಹೋದರು. ಫ್ಯಾನಿನ ಬೆಲ್ಟ್ ಸಡಿಲವಾಗಿತ್ತು, ಕಾಯಿಲ್ ಪಕ್ಕದ ಕೆಳತಟ್ಟೆ 71 ಡಿಗ್ರಿ ತೋರಿಸುತ್ತಿತ್ತು. ಬೆಲ್ಟ್ ಬಿಗಿ ಮಾಡಿ ವಾಪಸ್ ಬಂದು ಅಕ್ಕನ ಕೈಯಿಂದ ಡಬ್ಬಿ ಇಸಕೊಂಡು ತಾವೂ ಮೂಗಿಗೆ ಹಿಡಿದರು. ಉದ್ದಕ್ಕೆ ಉಸಿರೆಳೆದರು.

"ಎಂತದೂ ಇಲ್ಲ ಮಾರಾಯ" ಅಂದು, ಪುಸ್ತಕ ತೆಗೆದು ಆ ದಿನದ ತಾರೀಖಿನ ಮುಂದೆ "ಸಂಪಿಗೆ" ಅಂತ ಬರೆದುಕೊಂಡರು.